ಬೆಚ್ಚಗಿನ ಗಾಡಿಯ ವೈನಿ

ಮದುಮಗಳಿಗೆ ಸೀರೆ ಉಡಿಸುವುದು ಕಷ್ಟವೋ, ಹೆಣಕ್ಕೆ ಉಡಿಸುವುದು ಕಷ್ಟವೋ ಎಂದು ನಾನೊಮ್ಮೆ ವೈನಿಯವರನ್ನು ಕೇಳಿದ್ದೆ. ಬೇರೆ ಯಾರಾದರೂ ಆಗಿದ್ದರೆ ನನ್ನ ಮುಖಕ್ಕೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ವೈನಿ ಹಾಗೆ ಮಾಡಲಿಲ್ಲ. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದಿಟ್ಟುಕೊಂಡು, ಸ್ವಲ್ಪ ವಿಚಾರ ಮಾಡಿ ಹೇಳಿದರು.

"ಮದುಮಗಳದs ಕಷ್ಟರಿ ಅಕ್ಕೋರ. ಸತ್ತಾಕಿ ಮ್ಯಾಲಿಂದ ಮ್ಯಾಲ ಫೋನ್ ನೋಡೂದಿಲ್ಲ."

ಅವರೇನು ನನ್ನ ಅಣ್ಣನ ಹೆಂಡತಿಯಲ್ಲ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಒಂದು ಗೋಡೆ. ಓಣಿಗೆಲ್ಲ ಅವರು ವೈನಿ, ನನಗೂ ವೈನಿ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಅವರ ಮಗಳಿಗೆ ಕಲಿಸಿದ್ದರಿಂದ ಇಡೀ ಮನೆಗೆ ನಾನು ಅಕ್ಕೋರು. ಈಗ ವೈನಿ ಇಲ್ಲ. ಸಮಾಧಾನ ಹೇಳಲು ಬಂದವರೆಲ್ಲ ಅವರ ಕೈಗುಣವನ್ನು ಹೊಗಳಿ ಚಹಾ ಕುಡಿದು ಹೋದರು. ಆ ಗಾಡಿಯ ಸುದ್ದಿಯನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ಎತ್ತಲು ಅವರಿಗೆ ಗೊತ್ತೂ ಇಲ್ಲ. ಅದರಲ್ಲಿ ಕೂತವಳು ನಾನು.

ವೈನಿ ಎತ್ತರ, ತೆಳುವು. ನಡೆದರೆ ಸಪ್ಪಳವಾಗುತ್ತಿರಲಿಲ್ಲ. ಒಲೆಯ ಮುಂದೆ ನಿಂತವಳು ತಿರುಗಿ ನೋಡಿದರೆ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. "ಕೆಮ್ಮಿಯಾದರೂ ಬರ್ರಿ, ನನ್ನ ಎದಿ ಒಡದೀತು" ಎಂದು ಎಷ್ಟೋ ಸಲ ಬೈದಿದ್ದೇನೆ. ಅವರ ಕೈ ಸುಡುಬೇಸಿಗೆಯಲ್ಲೂ ತಣ್ಣಗೆ ಇರುತ್ತಿತ್ತು. ಸೊಂಟಕ್ಕೆ ಆ ಬೆರಳು ತಾಗಿದ ಕೂಡಲೇ ಮದುಮಗಳು ಬೆಚ್ಚಿಬೀಳುತ್ತಿದ್ದಳು. ಅವರು ಎದುರಿಗೆ ನಿಂತು ಉಡಿಸಿದ್ದನ್ನು ನಾನು ಕಾಣೆ. ಯಾವಾಗಲೂ ಹಿಂದೆ ನಿಂತು, ಕನ್ನಡಿಯಲ್ಲಿ ನೋಡುತ್ತ, ಕನ್ನಡಿಯೊಂದಿಗೇ ಮಾತಾಡುತ್ತ ಉಡಿಸುವುದು. "ಹಿಂದ ಹೊಳ್ಳಿ ನೋಡಬ್ಯಾಡವಾ, ನಿರಿಗಿ ಕೆಡತಾವ" ಎನ್ನುವುದು ಅವರ ಖಾಯಂ ಮಾತು.

ನಮ್ಮ ಓಣಿಯಲ್ಲಿ ಮುತ್ತೈದೆಯೊಬ್ಬಳು ತೀರಿಕೊಂಡಾಗ ಹಸಿರು ಸೀರೆ ಉಡಿಸಲು ಇವರನ್ನೇ ಕರೆದರು. ನಾನು ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದೆ. ಗೋಡೆಗೆ ಆನಿಸಿ ಕೂಡಿಸಿದ್ದ ಆ ದೇಹಕ್ಕೆ ಸೆರಗು ಹೊದಿಸುತ್ತ ವೈನಿ ಮೆಲ್ಲಗೆ, "ತಡಿಯವಾ, ಆತು, ಇನ್ನೊಂದ ಪಿನ್ ಅಷ್ಟ" ಎಂದರು. ಮದುಮಗಳಿಗೆ ಹೇಳುವ ದನಿಯಲ್ಲೇ ಹೇಳಿದರು. ಮನೆಗೆ ಬರುವಾಗ ಹಾಗೇಕೆ ಮಾತಾಡಿದಿರಿ ಎಂದು ಕೇಳಿದೆ. "ಹೇಳದs ಕೇಳದs ಮೈ ಮುಟ್ಟಿದ್ರ ಯಾರಿಗಾದ್ರೂ ಬ್ಯಾಸರ ಅಲ್ಲೇನ್ರಿ?" ಎಂದರು.

ಆ ಗಾಡಿಯನ್ನು ತಂದವರು ವೈನಿಯ ಗಂಡ. ಅವರದು ಗ್ಯಾರೇಜು. ಗೋವಾದಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗಿ ಸಾಕಾಗಿ ಮೂಲೆಗೆ ಬಿದ್ದಿದ್ದ ಒಂದು ಮನೆಗಾಡಿಯನ್ನು ಅಗ್ಗಕ್ಕೆ ಹಿಡಿದು ತಂದರು. ಒಳಗೆ ಹಾಸಿಗೆ, ಆಳೆತ್ತರದ ಕನ್ನಡಿ, ಪುಟ್ಟ ಒಲೆ, ಸೀಟಿನ ಕೆಳಗೆ ಗ್ಯಾಸಿನ ಮೇಲೆ ನಡೆಯುವ ಒಂದು ಹೀಟರ್. ರಿಪೇರಿ ಮುಗಿಯುವ ಮೊದಲೇ ಅವರು ತೀರಿಕೊಂಡರು. ಗಾಡಿಯನ್ನು ಗುಜರಿಗೆ ಹಾಕಿರೆಂದು ಓಣಿಯ ಹಿರಿಯರೆಲ್ಲ ಬುದ್ಧಿ ಹೇಳಿದರು. ವೈನಿ ಅದನ್ನು ದುಡಿಸಿದರು. ಈಗ ಮದುವೆಗೆ ಮೊದಲು ಹುಡುಗ ಹುಡುಗಿ ಊರೂರು ತಿರುಗಿ ಫೋಟೋ ತೆಗೆಸಿಕೊಳ್ಳುವ ಹುಚ್ಚು ಇದೆಯಲ್ಲ, ಅದಕ್ಕೆ. ಕಿತ್ತೂರಿನ ಕೋಟೆ, ಸವದತ್ತಿಯ ಗುಡ್ಡ, ಮುನವಳ್ಳಿಯ ಆಚೆಗಿನ ಹಿನ್ನೀರು, ರಾಮದುರ್ಗದ ಹೊಳೆದಂಡೆ ಎಂದು ತಿರುಗುವ ಹುಡುಗಿಯರಿಗೆ ಬಟ್ಟೆ ಬದಲಿಸಲು ಮರೆ ಬೇಕು. ಗಾಡಿ ಓಡಿಸಲು ಅಳಿಯ, ಮೆಹಂದಿ ಹಾಕಲು ಮಗಳು, ಸೀರೆಗೆ ವೈನಿ. ಮನೆಯಲ್ಲಿ ಒಬ್ಬಳೇ ಗೋಡೆ ನೋಡುತ್ತ ಕೂತಿದ್ದ ನಾನು ಚಹಾದ ಥರ್ಮಾಸ್ ಹಿಡಿದು ಸುಮ್ಮನೆ ಹತ್ತಿಕೊಂಡೆ. ಬೇಡ ಎನ್ನಲಿಲ್ಲ ಅವರು.

ಫೋಟೋದವರಿಗೆ ಸೂರ್ಯ ಹುಟ್ಟುವ ಹೊತ್ತಿನ ಬಿಸಿಲೇ ಬೇಕು. ಪುಷ್ಯಮಾಸದ ನಸುಕು, ಬಯಲುಗಾಳಿ. ಹುಡುಗಿಯರು ಉಡುವುದೋ ಸೊಳ್ಳೆಪರದೆಯಂಥ ಗೌನು. ಹಲ್ಲು ಕಟಕಟ ಎನ್ನುವ ಹುಡುಗಿ ನಕ್ಕರೆ ಫೋಟೋದಲ್ಲಿ ಅತ್ತಂತೆ ಬೀಳುತ್ತದೆ. ಹಾಗಾಗಿ ಹೀಟರ್ ಬೇಕೇ ಬೇಕಾಯಿತು. ಅದರ ಉಪದ್ವ್ಯಾಪ ಒಂದೆರಡಲ್ಲ. ಒಮ್ಮೆ ಇಲಿ ವೈರು ಕಡಿಯಿತು. ಒಮ್ಮೆ ಕಿಡಿ ಹಾರಲಿಲ್ಲ. ಕಬ್ಬು ಕಡಿದ ಮೇಲೆ ಒಣಗರಿಯ ರವದಿ ಸುಡುವ ಕಾಲದಲ್ಲಿ ಅದರ ಕರಿಬೂದಿ ಒಳಗೆ ಹೊಕ್ಕು ಮದುಮಗಳ ಮೂಗಿನ ಮೇಲೆ ಕೂತಿತು. ಪೇಟೆಯ ಗ್ಯಾಸ್ ಒಲೆ ರಿಪೇರಿಯವನು ಬಗ್ಗಿ ನೋಡಿ, "ಇಂಥಾದ್ದು ನಾ ನೋಡಿಲ್ರಿ, ದೇವರ ಮ್ಯಾಲ ಭಾರ ಹಾಕಿ ಹಚ್ರಿ" ಎಂದು ಕೈ ಮುಗಿದು ಹೋದ. ಅಳಿಯನೇ ತಿಣುಕಾಡಿ ದಾರಿಗೆ ತಂದ. ಹೊತ್ತಿಕೊಂಡಾಗ ಢಬ್ಬೆನ್ನುತ್ತಿತ್ತು. ಆಮೇಲೆ ಕಾಲ ಬಳಿಯ ಕಿಂಡಿಗಳಿಂದ ಬಿಸಿಗಾಳಿ ತಡೆದು ತಡೆದು ಬರುತ್ತಿತ್ತು. ಸೀಟಿನ ಕೆಳಗೆ ಯಾರೋ ಮಲಗಿ ಉಸಿರಾಡುತ್ತಿದ್ದಾರೆ ಎನ್ನಿಸುತ್ತಿತ್ತು ನನಗೆ.

ವೈನಿಯ ಬೆನ್ನಿಗೆ ಒಂದು ಪ್ರಶ್ನೆ ಬಿದ್ದಿತ್ತು. ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಅವರ ತವರು ಸವದತ್ತಿ. ತಾಯಿ ಅಲ್ಲಿ ಅಣ್ಣನ ಮನೆಯಲ್ಲಿ ತೀರಿಕೊಂಡಾಗ ವೈನಿ ರಾಮದುರ್ಗದ ಒಂದು ಮದುವೆಯಲ್ಲಿ ಸೀರೆ ಉಡಿಸುತ್ತಿದ್ದರು. ಶುಭಕಾರ್ಯದಲ್ಲಿ ಇದ್ದಾಳೆ, ಕೆಡಿಸುವುದು ಬೇಡ ಎಂದು ಅಣ್ಣ ಫೋನು ಮಾಡಲಿಲ್ಲ. ಇವರು ಹೋಗುವಷ್ಟರಲ್ಲಿ ತಾಯಿಯ ಮೈ ತಣ್ಣಗಾಗಿತ್ತು. ಕೊನೆಯ ಹಸಿರು ಸೀರೆ, ಹಸಿರು ಗಾಜಿನ ಬಳೆ ಇವರೇ ತೊಡಿಸಿದರು. ಆಗ ಅಣ್ಣ ಹೇಳಿದನಂತೆ, "ಕಡೀಕ ಬ್ಯಾರೆ ಮಾತs ಬರಲಿಲ್ಲ ಆಕಿಗೆ. ನಿನ್ನ ಹೆಸರ ಹಿಡದ ಕರದs ಕರದ್ಲು."

"ಯಾಕ ಕರದಿದ್ಲರಿ ಅಕ್ಕೋರ?" ಎಂದು ವೈನಿ ನನ್ನನ್ನು ಕೇಳುತ್ತಿದ್ದರು. ಹಪ್ಪಳ ಒಣಹಾಕುವಾಗ ಕೇಳುತ್ತಿದ್ದರು, ಬಸ್ಸಿಗೆ ಕಾಯುವಾಗ ಕೇಳುತ್ತಿದ್ದರು. ನಿಮ್ಮನ್ನು ನೋಡಬೇಕು ಅನ್ನಿಸಿರಬೇಕು, ತಾಯಿಯಲ್ಲವೇ ಎಂದರೆ ತಲೆಯಾಡಿಸುತ್ತಿದ್ದರು. "ಅಲ್ರಿ. ಬಾಯಿ ಅರ್ಧ ತಗದs ಇತ್ತು. ಏನೋ ಹೇಳೂದಿತ್ತು ಆಕಿಗೆ." ಅಷ್ಟು ಜನರ ಕೊನೆಯ ಮುಖ ನೋಡಿದ ಹೆಂಗಸು. ಒಂದೇ ಒಂದು ಅರೆತೆರೆದ ಬಾಯಿ ಅವರನ್ನು ಬಿಡಲಿಲ್ಲ.

ಮರುವರ್ಷ ಮಳೆಗಾಲದುದ್ದಕ್ಕೂ ಗಾಡಿ ಅಂಗಳದಲ್ಲೇ ನಿಂತಿತ್ತು. ದಸರೆಯ ಪೂಜೆಗೆಂದು ಅದನ್ನು ತೊಳೆಯುತ್ತಿದ್ದ ಅಳಿಯ, ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆಯ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದ್ದನ್ನು ಕಂಡ. ಕೆರೆದು ಹಾಕಲು ಸ್ಕ್ರೂಡ್ರೈವರ್ ಎತ್ತಿದ್ದನಷ್ಟೇ, ವೈನಿ ಒಳಗಿನಿಂದ ಓಡಿ ಬಂದರು. ಕುಂಬಾರ ಹುಳ ಮನೆಯಲ್ಲಿ ಗೂಡು ಕಟ್ಟಿದರೆ ಕೂಸು ಬರುತ್ತದೆ ಎಂಬ ಮಾತು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಮಗಳಿಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಅದೇ ವಾರ ಮತ್ತೆ ಮುಟ್ಟಿನ ದಿನ ಮೀರಿತ್ತು. "ಅಳಿಯಂದ್ರ, ಕೈ ಮುಗೀತೇನಿ, ಅದನ್ನ ಮುಟ್ಟಬ್ಯಾಡ್ರಿ" ಎಂದರು. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ನಾನಲ್ಲೇ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಗೂಡಿಗೆ ಒಂದು ಬೊಟ್ಟು ಕುಂಕುಮವೂ ಬಿತ್ತು. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಚಳಿ ಬಿತ್ತು. ಕಿತ್ತೂರಿನ ಕೋಟೆಯ ಹೊರಗೆ ಗಾಡಿ ನಿಲ್ಲಿಸಿಕೊಂಡು ಸಂಪಗಾಂವದ ಒಂದು ಹುಡುಗಿಗೆ ಇಳಕಲ್ ಸೀರೆ ಉಡಿಸುತ್ತಿದ್ದರು. ಹೀಟರ್ ಹೊತ್ತಿಸಿ ಬಾಗಿಲು ಮುಚ್ಚಿದ್ದೆವು. ಹುಡುಗಿ ಕನ್ನಡಿ ನೋಡುತ್ತಿದ್ದವಳು ಫಕ್ಕನೆ ಕೇಳಿದಳು.

"ನಿಮ್ಮ ಹಿಂದ ನಿಂತಾರಲ್ಲ, ಆ ಅಮ್ಮಾರು ಯಾರ್ರಿ?"

ವೈನಿಯ ಹಿಂದೆ ಗಾಡಿಯ ತಗಡಿನ ಗೋಡೆ. ಮಗಳು ಮೂಲೆಯಲ್ಲಿ ಮೆಹಂದಿ ಕಲಸುತ್ತಿದ್ದಳು. ನಾನು ಬಾಗಿಲ ಬಳಿ ತಲೆ ಹಿಡಿದುಕೊಂಡು ಕೂತಿದ್ದೆ, ಬೆಳಗಿನಿಂದ ಹಣೆ ಸಿಡಿಯುತ್ತಿತ್ತು. ವೈನಿ ನಿರಿಗೆ ಹಿಡಿದ ಕೈ ಸಹ ಅಲುಗಿಸಲಿಲ್ಲ.

"ನಮ್ಮ ಪೈಕಿನs ಅದಾರವಾ. ನೀ ನೆಟ್ಟಗ ನಿಲ್ಲು."

ಹುಡುಗಿ ಹೊರಗೆ ಹೋದ ಮೇಲೆ ನಾನು ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೋ ಎಂಬ ಹೆದರಿಕೆ. ದೆವ್ವವಿಲ್ಲ ಭೂತವಿಲ್ಲ ಎಂದು ಮೂವತ್ತು ವರ್ಷ ಮಕ್ಕಳ ಮುಂದೆ ಗಂಟಲು ಹರಿದುಕೊಂಡವಳು ನಾನು.

ಮುಂದೆ ಸವದತ್ತಿಯಲ್ಲಿ ನನಗೇ ಬಳೆಯ ಸಪ್ಪಳ ಕೇಳಿಸಿತು. ಗಾಜಿನ ಬಳೆ, ಯಾರೋ ಕೈ ಎತ್ತಿ ಇಳಿಸಿದಂತೆ. ವೈನಿ ಬಳೆ ಹಾಕುತ್ತಿರಲಿಲ್ಲ, ಮಗಳು ಮೆಹಂದಿ ಹಾಕಲು ಬಳೆ ತೆಗೆದಿಟ್ಟಿದ್ದಳು. ಕನ್ನಡಿಯ ಅಂಚಿನಲ್ಲಿ ಹಸಿರು ಸೆರಗಿನ ತುದಿ ಕಂಡಿತೋ, ಕಂಡಂತಾಯಿತೋ. ಹೊಟ್ಟೆ ತೊಳಸಿ ನಾನು ಬಾಗಿಲು ತೆಗೆದು ಹೊರಗೆ ಓಡಿದೆ. ಗುಡ್ಡದ ಗಾಳಿಗೆ ಸ್ವಲ್ಪ ಹೊತ್ತು ನಿಂತ ಮೇಲೆ ಎಲ್ಲ ಸರಿಹೋಯಿತು. ವೈನಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತರು.

"ನಿಮಗೂ ಕಂಡ್ಲಲ್ಲರಿ?" ಅವರ ಮುಖದಲ್ಲಿ ಸಂತೋಷವಿತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. "ಅವ್ವ. ಮಗಳ ಹೊಟ್ಟೀಲೆ ಬರಾಕ ಕಾಯಾಕತ್ತಾಳ. ಏನೋ ಹೇಳತಾಳ್ರಿ ಅಕ್ಕೋರ, ತುಟಿ ಅಲಗತಾವ, ದನಿ ಹೊಂಡೂದಿಲ್ಲ. ಇನ್ನೊಂದೀಟ ಹೊತ್ತ ಕುಂತ್ರ ಕೇಳಸತೈತೇನೋ."

ನಾನು ಥರ್ಮಾಸ್ ಎತ್ತಿಕೊಂಡು ಒಳಗೆ ನಡೆದೆ. ಆದರೆ ಮುದುಕರ ತಲೆ ಸುಮ್ಮನಿರುವುದಿಲ್ಲ. ಮಧ್ಯದಲ್ಲಿ ಒಂದು ದಿನ ಸಿಲಿಂಡರ್ ಖಾಲಿಯಾಗಿ ಹೀಟರ್ ಆರಿತ್ತು. ಆ ದಿನ ತಲೆನೋವಿಲ್ಲ, ಬಳೆಯಿಲ್ಲ, ಕನ್ನಡಿಯೊಳಗಿನ ಅಮ್ಮಾರೂ ಇಲ್ಲ. ಹೊಸ ಸಿಲಿಂಡರ್ ಬಂದ ಕೂಡಲೇ ಎಲ್ಲ ಒಟ್ಟಿಗೆ ಮರಳಿದವು. ಗ್ಯಾಸು ತುಂಬಿದರೆ ಬರುವ, ಖಾಲಿಯಾದರೆ ಹೋಗುವ ದೆವ್ವವನ್ನು ನಾನಂತೂ ಕೇಳಿರಲಿಲ್ಲ. ಹಾಗೆಂದು ವೈನಿಗೆ ಹೇಳಿಯೂ ಬಿಟ್ಟೆ, ಆ ಹೀಟರಿನಲ್ಲೇ ಏನೋ ಐಬಿದೆ ಎಂದೆ. ಅವರು ನಕ್ಕರು.

"ಥಂಡ್ಯಾಗ ಮುದುಕಿ ಯಾಕ ಬರತಾಳ್ರಿ? ಬೆಚ್ಚಗಿದ್ರ ಬರತಾಳ."

ವಾದದಲ್ಲಿ ಅವರನ್ನು ಗೆಲ್ಲುವುದು ನನ್ನಿಂದ ಆಗಲಿಲ್ಲ.

ಮುನವಳ್ಳಿಯ ಆಚೆ ಹಿನ್ನೀರಿನ ದಂಡೆಯಲ್ಲಿ ಅದು ಬಯಲಾಯಿತು. ಮದುಮಗಳು ನೀರಿನ ಬಳಿ ಫೋಟೋಕ್ಕೆ ಹೋಗಿದ್ದಳು. ವೈನಿಯೂ ಸೆರಗು ಹಿಡಿಯಲು ಹಿಂದೆ ಹೋಗಿದ್ದರು. ಮಗಳು ಮಾತ್ರ ಬೆಚ್ಚಗಿದೆ ಎಂದು ಬಾಗಿಲು ಎಳೆದುಕೊಂಡು ಗಾಡಿಯಲ್ಲೇ ಅಡ್ಡಾಗಿದ್ದಳು. ನಾನು ಚಹಾ ಕೊಡಲು ಬಾಗಿಲು ತೆಗೆದೆ. ಅವಳು ತುಟಿ ಕೆಂಪೇರಿ ಚೆಂದವಾಗಿ ಮಲಗಿದ್ದಳು. ಕರೆದೆ, ಏಳಲಿಲ್ಲ. ಅಲ್ಲಾಡಿಸಿದೆ, ಕತ್ತು ಒಂದು ಕಡೆ ಜೋತುಬಿತ್ತು.

ನಾನು ಹೇಗೆ ಕೂಗಿದೆನೋ ನನಗೇ ಗೊತ್ತಿಲ್ಲ. ಅಳಿಯ ಓಡಿ ಬಂದು ಅವಳನ್ನು ಎತ್ತಿಕೊಂಡು ಬಯಲಿಗೆ ತಂದ. ಗಾಳಿ ತಾಕಿದ ಮೇಲೆ ಅವಳು ನರಳಿ ವಾಂತಿ ಮಾಡಿಕೊಂಡಳು, ಕಣ್ಣು ಬಿಟ್ಟಳು. ನಾನು ಅಳುತ್ತ, ಬೈಯುತ್ತ, ಹೊಗೆಯ ಕೊಳವೆ ನೋಡಪ್ಪ ಎಂದು ಅವನಿಗೆ ಹೇಳಿದೆ. ಬಗ್ಗಿ ನೋಡಿ ತಲೆ ಮೇಲೆತ್ತಿದವನ ಮುಖ ಬಿಳಚಿಕೊಂಡಿತ್ತು. ದಸರೆಯಿಂದೀಚೆಗೆ ಹುಳ ಕಟ್ಟುತ್ತಲೇ ಹೋಗಿ ಗೂಡು ಕೊಳವೆಯ ಬಾಯನ್ನು ಮುಕ್ಕಾಲು ಮುಚ್ಚಿತ್ತು. ಹೊರಗೆ ಹೋಗಲಾರದ ಹೊಗೆ ಒಳಗೇ ತಿರುಗಿ ಬರುತ್ತಿತ್ತು. ಅದರ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಷ್ಟು ದಿನ ನಾವೆಲ್ಲ ಅದನ್ನೇ ಉಸಿರಾಡಿದ್ದೆವು.

ವೈನಿ ನೀರಿನ ಕಡೆಯಿಂದ ಓಡಿ ಬಂದಿದ್ದರು. ಮಗಳನ್ನು ನೋಡಿದರು, ಗೂಡನ್ನು ನೋಡಿದರು. ಅಳಿಯ ಒಂದು ಕಡ್ಡಿ ಹಿಡಿದು ಮುಂದಾದಾಗ ಅಡ್ಡ ನಿಂತರು. ಮತ್ತೆ ತಡೆಯುತ್ತಾರೆ ಎಂದೇ ನಾನು ತಿಳಿದೆ. ಸಿಟ್ಟು ನೆತ್ತಿಗೇರಿ, "ವೈನಿ, ಹುಚ್ಚ ಹಿಡದೈತೇನ್ರಿ ನಿಮಗ?" ಎಂದು ಚೀರಿದೆ.

"ಅದನ್ನ ಒಡೀಬೇಕ್ರಿ, ಗೊತ್ತಾತು. ಕೂಸಿನ ಅಪ್ಪನ ಕೈಲೆ ಬ್ಯಾಡ" ಎಂದರು. "ಪಾಪ ಹತ್ತೂದಿದ್ರ ನನಗ ಹತ್ತಲಿ."

ತಲೆಯಿಂದ ದೊಡ್ಡ ಪಿನ್ನೊಂದನ್ನು ಎಳೆದುಕೊಂಡು, ನೆಲಕ್ಕೆ ಕೂತು ಗೂಡನ್ನು ಒಡೆದರು. ಒಣಮಣ್ಣು ಉದುರಿತು. ಒಳಗೆ ಮುದುಡಿದ ಹಸಿರು ಹುಳುಗಳ ನಡುವೆ ಒಂದು ಬಿಳಿ ಮರಿ ಇನ್ನೂ ಮಿಸುಕಾಡುತ್ತಿತ್ತು. ಅದನ್ನು ಎಕ್ಕೆಯ ಎಲೆಯಲ್ಲಿಟ್ಟು, ಅರಿಷಿಣ ಕುಂಕುಮ ಹಾಕಿ, ಜಾಲಿ ಗಿಡದ ಬುಡದ ನೆರಳಿಗೆ ಇಟ್ಟು ಬಂದರು. "ಅವ್ವಾ, ಸಿಟ್ಟಾಗಬ್ಯಾಡ" ಎಂದದ್ದು ನನಗೆ ಕೇಳಿಸಿತು. ಅವರ ಬೆನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಬೈಲಹೊಂಗಲದಲ್ಲಿ ಡಾಕ್ಟರು ನೋಡಿ, ಕೆಟ್ಟ ಗಾಳಿ ತಲೆಗೇರಿದೆ, ಸ್ವಲ್ಪ ತಡವಾಗಿದ್ದರೆ ಎರಡು ಜೀವ ಹೋಗುತ್ತಿದ್ದವು ಎಂದರು. ಕೂಸಿನ ಎದೆಬಡಿತ ನೆಟ್ಟಗಿತ್ತು. ಅವತ್ತಿನಿಂದ ಮಗಳು ಗಾಡಿ ಹತ್ತಲಿಲ್ಲ. ಅಳಿಯ ಕೊಳವೆಯನ್ನು ಪೂರ್ತಿ ಬಿಚ್ಚಿ ತೊಳೆದು ಕೂಡಿಸಿದ. ಹೀಟರ್ ಹಿಂದೆಂದಿಗಿಂತ ಚೆನ್ನಾಗಿ ನಡೆಯತೊಡಗಿತು. ಗಾಡಿ ಬೆಚ್ಚಗಿತ್ತು, ತಲೆನೋವು ಇರಲಿಲ್ಲ. ಕನ್ನಡಿಯಲ್ಲಿ ನಾವು ಎಷ್ಟು ಜನ ಇದ್ದೆವೋ ಅಷ್ಟೇ ಜನ ಕಾಣುತ್ತಿದ್ದೆವು.

ಅದು ವೈನಿಗೆ ಸಾಲಲಿಲ್ಲ. ಅವರು ಕನ್ನಡಿ ನೋಡುವ ರೀತಿಯೇ ಬೇರೆಯಾಯಿತು. ಮದುಮಗಳನ್ನು ದಾಟಿ, ಅವಳ ಭುಜದ ಆಚೆಗೆ ನೋಡುತ್ತಿದ್ದರು. ಒಂದೊಂದು ಸಲ ಸ್ವಲ್ಪ ಪಕ್ಕಕ್ಕೆ ಸರಿದು, ಹಿಂದಿನವರಿಗೆ ಜಾಗ ಬಿಟ್ಟು ನಿಲ್ಲುತ್ತಿದ್ದರು. ನಿರಿಗೆ ಎಣಿಸುವುದು ಮರೆತು ಕೈ ಹಾಗೇ ನಿಂತುಬಿಡುತ್ತಿತ್ತು. "ಅದು ಗ್ಯಾಸಿನ ಆಟ ಇತ್ರಿ, ಅವ್ವ ಅಲ್ಲ" ಎಂದು ನಾನು ಸಮಾಧಾನ ಹೇಳಿದೆ. "ಗ್ಯಾಸಿಗೆ ನಮ್ಮ ಅವ್ವನ ಬಳಿ ಹೆಂಗ ಗೊತ್ರಿ?" ಎಂದು ನನ್ನನ್ನೇ ಕೇಳಿದರು.

ಚಳಿ ಇಳಿಯುವ ಹೊತ್ತಿಗೆ ರಾಮದುರ್ಗದಲ್ಲಿ ಒಂದು ಕೆಲಸ ಬಂತು. ಮಲಪ್ರಭೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದ್ದೆವು. ಮದುಮಗಳನ್ನು ಸಿಂಗರಿಸಿ ಕಳಿಸಿದ ಮೇಲೆ ವೈನಿ ನನ್ನನ್ನೂ ಅವಳ ಜೊತೆ ಅಟ್ಟಿದರು. "ಮುಡಿ ಹೂವು ಬಿಚ್ಚಿದ್ರ ಯಾರ ನೋಡಬೇಕ್ರಿ, ನೀವ ಹೋಗ್ರಿ. ನಾ ಒಂದೀಟ ಅಡ್ಡಾಗತೇನಿ" ಎಂದರು. ಅಳಿಯ ಫೋಟೋದವನಿಗೆ ಛತ್ರಿ ಹಿಡಿಯಲು ಹೋಗಿದ್ದ. ಅರ್ಧ ದಾರಿಯಲ್ಲಿ ನನಗೆ ನೆನಪಾಯಿತು, ವೈನಿ ಹಗಲು ಅಡ್ಡಾದದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಬಿಸಿಲು ಏರಿತ್ತು, ಹೀಟರ್ ಬೇಕಾಗಿರಲಿಲ್ಲ. ಆದರೂ ದೂರದಿಂದಲೇ ಅದು ಉಸಿರಾಡುವ ಸದ್ದು ಬರುತ್ತಿತ್ತು.

ಓಡುವ ವಯಸ್ಸಲ್ಲ ನನ್ನದು. ಆದರೂ ಓಡಿದೆ. ಕೊಳವೆಯ ಬಾಯಿಗೆ ಹೊಳೆಯ ಹಸಿಮಣ್ಣು ಮೆತ್ತಿತ್ತು. ಹುಳ ಕಟ್ಟಿದ್ದಲ್ಲ, ಬೆರಳ ಗುರುತು ಎದ್ದು ಕಾಣುತ್ತಿತ್ತು. ಕಾಲಿನಿಂದ ಒದ್ದು ಒದ್ದು ಅದನ್ನು ಉದುರಿಸಿದೆ. ಬಾಗಿಲ ಕಡೆಗೆ ತಿರುಗಿದರೆ ಬಾಗಿಲು ತೆರೆದೇ ಇತ್ತು. ವೈನಿ ಮೆಟ್ಟಿಲ ಮೇಲೆ ಬಾಗಿಲ ಚೌಕಟ್ಟಿಗೆ ತಲೆಯಾನಿಸಿ ಕೂತಿದ್ದರು. ಮೋರೆ ಬೆವರಿತ್ತು, ಉಸಿರು ಜೋರಾಗಿ ಎಳೆಯುತ್ತಿದ್ದರು. ಕೈಗಳಿಗೆ ಮಣ್ಣು ಹತ್ತಿತ್ತು.

ನಾನು ಅವರ ಕೆನ್ನೆಗೆ ಹೊಡೆದೆ. ನನಗಿಂತ ಹಿರಿಯಳು, ಹೊಡೆದೇ ಬಿಟ್ಟೆ. "ಸಾಯಾಕ ಕುಂತಿದ್ರೇನ್ರಿ? ಮೊಮ್ಮಗು ಬರೂದೈತಿ ಮನ್ಯಾಗ!"

"ಸಾಯಾಕ ಅಲ್ರಿ" ಎಂದರು, ಮಕ್ಕಳು ತಪ್ಪು ಮಾಡಿ ಹೇಳುವ ದನಿಯಲ್ಲಿ. "ಕೇಳಾಕ ಕುಂತಿದ್ದೆ. ಒಂದೀಟ ಹೊತ್ತ."

ನಾನು ಪಕ್ಕದಲ್ಲಿ ಕುಸಿದೆ. ಒಳಗೆ ಕನ್ನಡಿ ಕಾಣುತ್ತಿತ್ತು. ನಾನು ಅದರತ್ತ ನೋಡಲಿಲ್ಲ.

"ಹೇಳಿದ್ಲರಿ" ಎಂದರು ವೈನಿ.

"ಏನ ಹೇಳಿದ್ಲು?"

"ಬಾಗಲಾ ತಗಿ ಅಂದ್ಲು. ಕಿವ್ಯಾಗ ಬಂದ ಹೇಳಿದ್ಲು. ನಾ ಎದ್ದ ತಗದೆ. ಕಾಲಾಗ ಶಕ್ತಿ ಇರಲಿಲ್ಲ, ಹೆಂಗ ಎದ್ನೋ ಗೊತ್ತಿಲ್ಲ." ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು. "ಅವತ್ತ ಥಂಡಿ ಅಂತ ಅಣ್ಣ ಬಾಗಲಾ ಕಿಡಕಿ ಎಲ್ಲಾ ಹಾಕಿದ್ದನಂತ್ರಿ ಅಕ್ಕೋರ. ಆಕಿಗೆ ಮೊದಲಿಂದ ಬಾಗಲಾ ಹಾಕಿದ್ರ ಆಗ್ತಿರಲಿಲ್ಲ, ಜೀವ ಚಡಪಡಸತಿತ್ತು. ಬಾಯಾಗ ನನ್ನ ಹೆಸರ ಒಂದs ಬರತಿತ್ತಲ್ಲ, ಅದನ್ನs ಕರದಾಳ. ಬಾಗಲಾ ತಗಿ ಅನ್ನಾಕ ಕರದಾಳ್ರಿ. ಇಷ್ಟs ಇತ್ತು. ಇಷ್ಟಕ್ಕ ನಾ ಏನೇನ ವಿಚಾರ ಮಾಡಿದೆ."

ನಕ್ಕರು, ನಗುತ್ತ ನಗುತ್ತ ಅತ್ತರು. ನಾನೂ ಅತ್ತೆ. ಗಾಳಿಯಿಲ್ಲದ ತಲೆ ತನಗೆ ಬೇಕಾದ್ದನ್ನು ಕಟ್ಟಿಕೊಂಡಿತು, ಉಳಿಯಬೇಕೆಂಬ ಜೀವವೇ ಅವ್ವನ ದನಿಯಲ್ಲಿ ಮಾತಾಡಿತು ಎಂದು ನನ್ನ ಬುದ್ಧಿ ಹೇಳುತ್ತದೆ. ಹೇಳಲಿ. ಅವತ್ತು ಆ ಮೆಟ್ಟಿಲ ಮೇಲೆ ಅದನ್ನು ಹೇಳುವ ಬಾಯಿ ನನಗಿರಲಿಲ್ಲ.

ಇದು ನಮ್ಮಿಬ್ಬರಲ್ಲೇ ಉಳಿಯಿತು. ಹೀಟರಿಗೆ ಸುಟ್ಟ ವಾಸನೆ ಬರುತ್ತಿದೆ ಎಂದು ಅಳಿಯನಿಗೆ ಸುಳ್ಳು ಹೇಳಿ ನಾನು ಅದನ್ನು ಬಿಚ್ಚಿಸಿ ಹಾಕಿದೆ. ಆಮೇಲಿನ ಮದುವೆ ಹುಡುಗಿಯರಿಗೆ ವೈನಿಯ ಕೌದಿ, ನನ್ನ ಬಿಸಿನೀರಿನ ಚೀಲ. ಯಾವ ಹುಡುಗಿಯೂ ಸೆಟೆದು ಸಾಯಲಿಲ್ಲ. ಮಗಳಿಗೆ ಹೆಣ್ಣುಕೂಸು ಹುಟ್ಟಿತು. ವೈನಿಯ ತಾಯಿಯ ಹೆಸರಿಡೋಣ ಎಂದು ಮನೆಯವರು ಅಂದಾಗ ವೈನಿ ಬೇಡ ಎಂದರು. "ಆಕೀ ಕೆಲಸ ಮುಗದೈತಿ, ಇಕೀಗೆ ಹೊಸಾ ಹೆಸರ ಇರಲಿ" ಎಂದರು. ಆ ಮೇಲೆ ಅವರು ನನ್ನನ್ನು ಆ ಪ್ರಶ್ನೆ ಕೇಳಲಿಲ್ಲ. ಹಗುರಾಗಿದ್ದರು. ಜೀವನದಲ್ಲಿ ಮೊದಲ ಸಲ ಅವರ ಚಪ್ಪಲಿಯ ಸಪ್ಪಳ ನನ್ನ ಅಂಗಳದಲ್ಲಿ ಕೇಳಿಸತೊಡಗಿತು.

ಈ ವರ್ಷ ಅವರು ಹಾಸಿಗೆ ಹಿಡಿದರು. ಲಿವರಿನ ಕಾಯಿಲೆ, ಬಹಳ ದಿನ ನರಳಲಿಲ್ಲ. ಕೊನೆಯ ಮಧ್ಯಾಹ್ನ ನಾನೂ ಮಗಳೂ ಹತ್ತಿರ ಕೂತಿದ್ದೆವು. ಹೊರಗೆ ಧೂಳುಗಾಳಿ ಎದ್ದಿತ್ತು, ಬಾಗಿಲು ಹಾಕಿದ್ದೆವು. ವೈನಿ ಮಗಳ ಹೆಸರು ಹಿಡಿದು ಕರೆದರು. "ಇಲ್ಲೇ ಅದೇನಿ ಯವ್ವಾ" ಎಂದಳು ಅವಳು. ಮತ್ತೆ ಕರೆದರು. ಮುಖದ ಹತ್ತಿರ ಮುಖ ತಂದು, "ಏನವ್ವಾ, ಏನ ಬೇಕ?" ಎಂದಳು. ವೈನಿಯ ತುಟಿ ಅಲುಗಿದವು, ದನಿ ಬರಲಿಲ್ಲ. ಮಗಳು ನನ್ನ ಕಡೆಗೆ ತಿರುಗಿದಳು. ಅವಳ ಕಣ್ಣಿನಲ್ಲಿ ಆ ಪ್ರಶ್ನೆ ಹುಟ್ಟುತ್ತಿರುವುದನ್ನು ನಾನು ನೋಡಿದೆ.

ಎದ್ದು ಹೋಗಿ ಬಾಗಿಲು ತೆಗೆದೆ. ಧೂಳಿನ ಜೊತೆ ಗಾಳಿ ಒಳಗೆ ನುಗ್ಗಿತು. ಕಿಟಕಿಗಳನ್ನೂ ತೆಗೆದೆ. ನಾನು ಹೊಳ್ಳಿ ಬರುವಷ್ಟರಲ್ಲಿ ವೈನಿಯ ತುಟಿ ನಿಂತಿದ್ದವು.

ಅಳು ಒಂದು ಹದಕ್ಕೆ ಬಂದ ಮೇಲೆ ಮಗಳು ನನ್ನ ಕೈ ಹಿಡಿದುಕೊಂಡು ಕೇಳಿದಳು. "ಅವ್ವ ಕಡೀಕ ಏನ ಅಂದ್ಲರಿ ಅಕ್ಕೋರ? ನನ್ನ ಯಾಕ ಕರದ್ಲು? ನನಗ ಕೇಳಸಲಿಲ್ಲ."

"ಬಾಗಲಾ ತಗಿ ಅಂದ್ರವಾ" ಎಂದೆ. "ತಗದ್ನಲ್ಲ, ಅವರಿಗೆ ಸಮಾಧಾನ ಆತು."

ಅವಳು ತೆರೆದ ಬಾಗಿಲನ್ನು ನೋಡಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೌದೆಂದು ತಲೆಯಾಡಿಸಿದಳು. ನನಗೆ ಏನೂ ಕೇಳಿಸಿರಲಿಲ್ಲ.